ಬಲಗೈಗೆಂದು ಬೆಳೆಸಿದ ಹಾಳೆ

ಆ ಹುಡುಗಿಯ ಬಲಗೈಗೆಂದು ಬೆಳೆಸಿದ ಚರ್ಮದ ಹಾಳೆ ಒಂದೇ ಒಂದು ಇತ್ತು. ಬೆನ್ನಿಗೂ ಭುಜಗಳಿಗೂ ಬೇರೆ ಹಾಳೆಗಳಿದ್ದವು; ಅವುಗಳಲ್ಲಿ ಒಂದು ಕೆಟ್ಟರೆ ಪಕ್ಕದ್ದನ್ನು ತುಸು ಜರುಗಿಸಿ ಹೊಂದಿಸಬಹುದಿತ್ತು. ಕೈಯ ಹಾಳೆಗೆ ಬದಲಿ ಇರಲಿಲ್ಲ. ಅದನ್ನು ಬೆಳೆಸಿದ ಪೆಟ್ಟಿಗೆಯಿಂದ ಎಬ್ಬಿಸಿ, ಬಟ್ಟೆಗೆ ಹೊಂದಿಸಿ, ಆಪರೇಷನ್ ಕೋಣೆಗೆ ಕಳುಹಿಸುವ ಕೆಲಸ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳದು. ಅವಳನ್ನು ಎಲ್ಲರೂ ಇಸ್ತ್ರಿ ಎಂದು ಕರೆಯುತ್ತಾರೆ. ಚಿಕ್ಕವರಿಗೆ ಇಸ್ತ್ರಿಯಕ್ಕ.

ಹೆಸರು ಬಂದದ್ದು ಅವಳ ತಂದೆಯ ಅಂಗಡಿಯಿಂದ. ಬೀದಿಯ ಮೂಲೆಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವ ಅಂಗಡಿ. ಶಾಲೆ ಬಿಟ್ಟ ಕೂಡಲೇ ಅವಳು ಅಲ್ಲಿ ನಿಲ್ಲುತ್ತಿದ್ದಳು. ವ್ಯಾಕರಣದಲ್ಲಿ ಅವಳು ಅಷ್ಟಕ್ಕಷ್ಟೆ. ಆದರೆ ಒಮ್ಮೆ ನನ್ನ ತರಗತಿಯ ಹಳೆಯ ಭೂಪಟದ ಮೇಲೆ ಯಾರೋ ನೀರಿನ ಹೂಜಿ ಉರುಳಿಸಿಬಿಟ್ಟರು. ಪಟ ಬೆಂಚಿಗೆ ಅಂಟಿಕೊಂಡಿತು. ಮುಟ್ಟಿದರೆ ಹರಿಯುವ ಸ್ಥಿತಿ. ನಾನು ಕೈಚೆಲ್ಲಿ ಕುಳಿತಿದ್ದೆ. ಇಸ್ತ್ರಿ ಮುಂದೆ ಬಂದು, ಒಣ ಕಾಗದವೊಂದನ್ನು ಅದರ ಮೇಲೆ ಹಾಸಿ, ಅಂಗೈಯಿಂದ ನಿಧಾನವಾಗಿ ಒತ್ತಿ, ಎರಡನ್ನೂ ಒಟ್ಟಿಗೆ ಎತ್ತಿದಳು. ಸಮುದ್ರದ ಒಂದು ಚೂರೂ ಬೆಂಚಿನಲ್ಲಿ ಉಳಿಯಲಿಲ್ಲ.

ದೊಡ್ಡವಳಾದ ಮೇಲೆ ಆಸ್ಪತ್ರೆಯ ಬಟ್ಟೆ ವಿಭಾಗಕ್ಕೆ ಸೇರಿದಳು. ಅಲ್ಲಿ ತೆಳುವಾದ ಬ್ಯಾಂಡೇಜ್ ಬಟ್ಟೆಯನ್ನು ಸುಕ್ಕಿಲ್ಲದೆ ಮಡಿಸುವ ಅವಳ ಕೈಯನ್ನು ಮೇಲಿನ ಪ್ರಯೋಗಾಲಯದ ಮೇಡಂ ನೋಡಿದರು. ಕಲಿಸಿದರು, ಪರೀಕ್ಷೆ ಬರೆಸಿದರು, ಕರೆದುಕೊಂಡರು. ಈಗ ಅವಳ ತಲೆಯಲ್ಲಿಯೂ ನರೆ ಇಣುಕುತ್ತಿದೆ. ಗಂಡ ಬಸ್ಸಿನ ಚಾಲಕ. ಸೊಸೆ ಚರ್ಮ ಬೆಳೆಸುವ ಕೆಲಸಕ್ಕೆ ಹೋಗುತ್ತಾಳೆಂದು ತಿಳಿದಾಗ ಅತ್ತೆ ಕೇಳಿದ್ದು ಒಂದೇ ಮಾತು.

"ಅಲ್ವೇ, ಅಷ್ಟೊಂದು ಬೆಳೆಸ್ತೀರಲ್ಲ, ನನ್ನ ಮುಖಕ್ಕೂ ಒಂದು ಹೊಸದು ತರಬಾರದಾ? ಇದು ನಿನ್ನ ಮಾವನ ಕಾಲದ್ದು, ಬಣ್ಣ ಬಿಟ್ಟಿದೆ."

"ತರ್ತೀನಿ ಅತ್ತೆ. ಆದರೆ ಬಾಯಿ ಇರೋ ಕಡೆ ತೂತು ಬಿಡಬೇಕೋ ಬೇಡವೋ ಅಂತ ಮಾವನ್ನೇ ಕೇಳಿ ತರ್ತೀನಿ."

ಆ ಮನೆಯಲ್ಲಿ ಮಾತು ಹೀಗೆಯೇ ನಡೆಯುತ್ತದೆ.

ಆ ಹುಡುಗಿಯ ವಿಷಯ ಹೇಳಬೇಕು. ಅವಳಿಗೆ ಎಂಟೋ ಒಂಬತ್ತೋ ವರ್ಷ. ತಂದೆ ಬೀಗ ರಿಪೇರಿಯವನು. ತಾಯಿ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾಳೆ. ನಮ್ಮ ಚರ್ಮದ ಮೇಲಿನ ಪದರವನ್ನು ಕೆಳಗಿನ ಪದರಕ್ಕೆ ಹಿಡಿದಿಡುವ ಒಂದು ಬಗೆಯ ಅಂಟನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಅದನ್ನು ತಯಾರಿಸಲು ಬೇಕಾದ ಜೀನ್ ಈ ಮಗುವಿಗೆ ಹುಟ್ಟುವಾಗಲೇ ಕೆಟ್ಟಿತ್ತು. ಅಂಗಿಯ ಹೊಲಿಗೆ ಉಜ್ಜಿದರೂ ಗುಳ್ಳೆ, ಯಾರಾದರೂ ಕೈ ಹಿಡಿದೆಳೆದರೆ ಚರ್ಮವೇ ಕಳಚಿ ಬರುತ್ತಿತ್ತು. ಗಾಯ ಮಾಯುವುದು, ಮತ್ತೆ ಏಳುವುದು, ಮತ್ತೆ ಮಾಯುವುದು. ಹೀಗೆ ಮಾಯುತ್ತ ಮಾಯುತ್ತ ಬಲಗೈಯ ಬೆರಳುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಕೈ ಒಂದು ಮುಷ್ಟಿಯಂತಾಗಿತ್ತು.

ಹಿಂದಾದರೆ ವೈದ್ಯರು ಕೈಮುಗಿದು ಕಳುಹಿಸುತ್ತಿದ್ದರು. ಈಗ ಒಂದು ದಾರಿ ಹುಟ್ಟಿದೆ. ಮಗುವಿನ ಮೈಯಲ್ಲಿ ಗಾಯವಿಲ್ಲದ ಜಾಗದಿಂದ ಅಂಚೆಚೀಟಿಯಷ್ಟು ಚರ್ಮ ತೆಗೆಯುತ್ತಾರೆ. ಅದರ ಜೀವಕೋಶಗಳನ್ನು ಬಿಡಿಬಿಡಿ ಮಾಡಿ, ಹಲ್ಲು ಕಿತ್ತ ಹಾವಿನಂತಹ ಒಂದು ವೈರಾಣುವಿನ ಬೆನ್ನ ಮೇಲೆ ಸರಿಯಾದ ಜೀನನ್ನು ಹೇರಿ ಅವುಗಳೊಳಗೆ ಕಳುಹಿಸುತ್ತಾರೆ. ತಿದ್ದಿದ ಕೋಶಗಳನ್ನು ಚಪ್ಪಟೆಯಾದ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ಆಹಾರದ ದ್ರವ ಹಾಕಿ ವಾರಗಟ್ಟಲೆ ಸಾಕುತ್ತಾರೆ. ಅವು ಬೆಳೆದು, ಒತ್ತೊತ್ತಾಗಿ ಕೂಡಿ, ಒಂದು ಹಾಳೆಯಾಗುತ್ತವೆ. ಈರುಳ್ಳಿಯ ಒಳಪೊರೆಯನ್ನು ನೋಡಿದ್ದೀರಲ್ಲ, ಅಷ್ಟು ತೆಳು. ಆ ಹಾಳೆಯನ್ನು ಗಾಯದ ಮೇಲೆ ಹೊದಿಸಿದರೆ, ಅದು ಹಿಡಿದರೆ, ಅದು ಮಗುವಿನದೇ ಚರ್ಮ. ಆದರೆ ಅಂಟು ತಯಾರಿಸಬಲ್ಲ ಚರ್ಮ.

ಆಪರೇಷನ್ನಿಗೆ ಮುಂಚೆ ಇಸ್ತ್ರಿ ಒಮ್ಮೆ ವಾರ್ಡಿಗೆ ಹೋಗಿ ಹುಡುಗಿಯನ್ನು ನೋಡಿ ಬಂದಳು. ಅಳತೆಯ ನೆಪ, ನಿಜವಾಗಿ ಕುತೂಹಲ.

"ನೀವೇನಾ ನನ್ನ ಚರ್ಮಕ್ಕೆ ಊಟ ಹಾಕೋರು?" ಎಂದು ಹುಡುಗಿ ಕೇಳಿತು.

"ಹೌದು ಪುಟ್ಟಿ, ನಾನೇ."

"ಬೆರಳು ಬರುತ್ತಾ?"

"ಬೆರಳು ಒಳಗೇ ಇವೆಯಲ್ಲ. ಬಿಡಿಸಿ ಮೇಲೆ ಹೊದಿಸ್ತಾರೆ."

"ಉಗುರು? ನಂಗೆ ಬೆನ್ನು ತುರಿಸುತ್ತೆ. ಅಮ್ಮ ತುರಿಸೋಕೆ ಬಿಡಲ್ಲ, ಅವಳೂ ತುರಿಸಲ್ಲ. ಜಿಪುಣಿ."

ತಾಯಿ ನಕ್ಕಳು. ತಂದೆ ನಗಲಿಲ್ಲ. ಅವನು ಇಸ್ತ್ರಿಯ ಕೈಗಳನ್ನೇ ನೋಡುತ್ತಿದ್ದ.

ಇಲ್ಲಿ ಕೆಲಸದ ಒಂದು ಸೂಕ್ಷ್ಮವನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಈ ಹಾಳೆಗೆ ಮೇಲು ಕೆಳಗು ಇದೆ. ಕೆಳಗಿನ ಕೋಶಗಳೇ ಬೆಳೆಯುವವು, ಅವೇ ಗಾಯಕ್ಕೆ ಕಚ್ಚಿಕೊಳ್ಳುವವು. ಮೇಲಿನವು ವಯಸ್ಸಾದವು, ಹೊದಿಕೆಗಷ್ಟೆ. ಹಾಳೆಯನ್ನು ಮಗುಚಿ ಹೊದಿಸಿದರೆ ಅದು ಕಚ್ಚುವುದಿಲ್ಲ, ಒಣಗಿ ಉದುರಿಹೋಗುತ್ತದೆ. ಕಣ್ಣಿಗೆ ಎರಡು ಬದಿಯೂ ಒಂದೇ.

ಆದ್ದರಿಂದ ಆ ಪ್ರಯೋಗಾಲಯದವರು ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಹಾಳೆ ಇನ್ನೂ ಪೆಟ್ಟಿಗೆಯ ತಳಕ್ಕೆ ಅಂಟಿಕೊಂಡಿರುವಾಗಲೇ ಪೆಟ್ಟಿಗೆಯನ್ನು ಉದ್ದನೆಯ ಬದಿ ತಮ್ಮ ಕಡೆಗೆ ಬರುವಂತೆ ಇಟ್ಟು, ಸಣ್ಣ ಚೂರಿಯಿಂದ ಬಲ ಮೇಲ್ಮೂಲೆಯನ್ನು ಒಂದಿಷ್ಟು ಕತ್ತರಿಸುತ್ತಾರೆ. ಅದಕ್ಕೆ ಅವರು 'ಕಿವಿ ಕತ್ತರಿಸುವುದು' ಎನ್ನುತ್ತಾರೆ. ನಂತರ ಹಾಳೆಯನ್ನು ತಳದಿಂದ ಬಿಡಿಸುವ ದ್ರವ ಹಾಕುತ್ತಾರೆ. ಅಂಚುಗಳು ಏಳುತ್ತಿರುವಾಗಲೇ ಮುಲಾಮು ಸವರಿದ ಬಟ್ಟೆಯನ್ನು ಮೇಲೆ ಹಾಸಿ, ಸಣ್ಣ ಕ್ಲಿಪ್ಪುಗಳಿಂದ ಹಿಡಿಸಿ, ಬಟ್ಟೆಯೊಂದಿಗೆ ಹಾಳೆಯನ್ನೂ ಎತ್ತುತ್ತಾರೆ. ಹೀಗೆ ಎತ್ತಿದರೆ ತಪ್ಪುವ ಪ್ರಶ್ನೆಯೇ ಇಲ್ಲ: ಬಟ್ಟೆಯ ಕಡೆ ಇರುವುದು ಮೇಲು. ಆದರೆ ಎಂದಾದರೊಮ್ಮೆ ಹಾಳೆ ಅವಸರಪಟ್ಟು ಪೂರ್ತಿ ಕಳಚಿ ನೀರಿನಲ್ಲಿ ತೇಲಿ ಸುರುಳಿಯಾಗುತ್ತದೆ. ಆಗ ಬಿಡಿಸಿ ಹರಡಿ ಕಿವಿಯನ್ನು ನೋಡಬೇಕು. ಅಂಚೆ ಕಾರ್ಡಿನ ಬಲ ಮೇಲ್ಮೂಲೆ ಕತ್ತರಿಸಿ, ಪುಟ ಮಗುಚಿದಂತೆ ಮಗುಚಿ ನೋಡಿ. ಕತ್ತರಿಸಿದ ಮೂಲೆ ಎಡಕ್ಕೆ ಬಂದಿರುತ್ತದೆ. ಕಿವಿ ಎಡಕ್ಕಿದ್ದರೆ ಹಾಳೆ ಮಗುಚಿದೆ ಎಂದರ್ಥ, ತಿರುಗಿಸಬೇಕು.

ಆಪರೇಷನ್ನಿನ ದಿನ ಬೆಳಿಗ್ಗೆ ಇಸ್ತ್ರಿಯ ನಿತ್ಯದ ಜೊತೆಗಾತಿಗೆ ನೆಗಡಿ. ನೆಗಡಿಯಾದವರಿಗೆ ಆ ಶುದ್ಧ ಕೋಣೆಯೊಳಗೆ ಪ್ರವೇಶವಿಲ್ಲ. ಬದಲಿಗೆ ಬಂದವನು ಜೀವಕೋಶಗಳನ್ನು ಹೆಪ್ಪುಗಟ್ಟಿಸಿಡುವ ಕೋಣೆಯವನು. ಸದಾ ಫ್ರಿಜ್ಜುಗಳ ನಡುವೆಯೇ ಇರುವುದರಿಂದ ಅವನಿಗೆ ಫ್ರಿಜ್ಜಪ್ಪ ಎಂದು ಹೆಸರು. ಇಬ್ಬರು ಮಕ್ಕಳ ತಂದೆ. ಒಂದು ಸಲ ಶೀತಲ ತೊಟ್ಟಿಯ ಮುಚ್ಚಳ ಸರಿಯಾಗಿ ಹಾಕಲಿಲ್ಲವೆಂದು ಎಚ್ಚರಿಕೆ ಪಡೆದವನು. ತರಬೇತಿಯಾಗಿತ್ತು. ಆದರೆ ನಿಜವಾದ ಹಾಳೆಗಳನ್ನು ಮುಟ್ಟಿದ್ದು ಆವತ್ತೇ ಮೊದಲು.

"ನಿನ್ನ ಕೆಲಸ ಇಷ್ಟೇ ಕಣಪ್ಪ. ಕಿವಿ ಕತ್ತರಿಸು, ದ್ರವ ಹಾಕು, ನನ್ನ ಕಡೆ ಜರುಗಿಸು."

"ನನ್ನ ಹೆಂಡತಿ ದಿನಾ ನನ್ನ ಕಿವಿ ಕತ್ತರಿಸ್ತಾಳೆ ಅಕ್ಕಾ, ನಂಗೆ ಅಭ್ಯಾಸ ಇದೆ."

ಇಬ್ಬರೂ ಬೆನ್ನಿಗೆ ಬೆನ್ನು ತಾಗುವಂತೆ ಶೋಧಿಸಿದ ಗಾಳಿ ಬೀಸುವ ಎರಡು ಗಾಜಿನ ಗೂಡುಗಳ ಮುಂದೆ ಕುಳಿತರು. ಬೆನ್ನಿನ ಹಾಳೆಗಳೆಲ್ಲ ಚೆನ್ನಾಗಿ ಎದ್ದವು; ಅವುಗಳ ಕಿವಿ ನೋಡುವ ಅಗತ್ಯವೇ ಬೀಳಲಿಲ್ಲ. ಎಲ್ಲಕ್ಕಿಂತ ಕೊನೆಗೆ ಕೈಯ ಹಾಳೆ. ಇಸ್ತ್ರಿ ಬಟ್ಟೆಯನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಅದು ತಳ ಬಿಟ್ಟು ತೇಲಿ, ಒಂದು ಮಗ್ಗುಲಿಗೆ ಮಡಿಚಿಕೊಂಡಿತು. ಅವಳು ಉಸಿರು ಬಿಗಿಹಿಡಿದು ದ್ರವವನ್ನೇ ಅಲುಗಾಡಿಸುತ್ತ ಅದನ್ನು ಬಿಚ್ಚಿದಳು, ಹರಡಿದಳು. ಕಿವಿ ಎಡಕ್ಕಿತ್ತು. 'ಮಗುಚಿದೆ' ಎಂದುಕೊಂಡಳು. ತಿರುಗಿಸಿದಳು, ಬಟ್ಟೆ ಹಾಸಿದಳು, ಕ್ಲಿಪ್ಪು ಹಾಕಿದಳು. ಒಂದು ಎಳೆಯೂ ಹರಿಯಲಿಲ್ಲ. ಹಾಳೆಗಳೆಲ್ಲ ಮುಚ್ಚಿದ ಡಬ್ಬಿಗಳಲ್ಲಿ ಮೇಲಿನ ಮಹಡಿಗೆ ಹೋದವು. ಮೇಡಂ ಅವುಗಳ ಜೊತೆಗೇ ಹೋದರು.

ಅಂದು ತನ್ನ ಕೈಯ ಬಗ್ಗೆ ತನಗೇ ಹೆಮ್ಮೆಯಾಯಿತೆಂದು ಇಸ್ತ್ರಿ ನನ್ನೊಡನೆ ಹೇಳಿದ್ದಾಳೆ.

ಆ ಹೆಮ್ಮೆ ಚಹಾದ ಕೋಣೆಯವರೆಗೆ ಬಾಳಿತು. ಫ್ರಿಜ್ಜಪ್ಪ ಮೊದಲೇ ಬಂದು ಕುಳಿತಿದ್ದ. ಮನೆಯಿಂದ ತಂದ ಸೇಬನ್ನು ಹೆಚ್ಚುತ್ತಿದ್ದ. ಇಸ್ತ್ರಿ ಲೋಟಕ್ಕೆ ಚಹಾ ಬಗ್ಗಿಸಿಕೊಂಡು ಎದುರಿಗೆ ಕುಳಿತಳು. ಅವನು ಒಂದು ಹೋಳು ಅವಳ ಕಡೆಗೆ ಚಾಚಿದ. ಬಲಗೈಯಲ್ಲಿ ಸೇಬು. ಎಡಗೈಯಲ್ಲಿ ಚೂರಿ.

ಅವಳು ಲೋಟವನ್ನು ಕೆಳಗಿಟ್ಟಳು.

"ನೀನು ಎಡಚನಾ?"

"ಇಲ್ಲಪ್ಪ. ಬರೆಯೋದು, ಉಣ್ಣೋದು ಎಲ್ಲಾ ಬಲಗೈಲೇ."

"ಚೂರಿ?"

ಅವನು ತನ್ನ ಕೈಯನ್ನು ಬೇರೆಯವರದೆಂಬಂತೆ ನೋಡಿಕೊಂಡ. "ಚಿಕ್ಕವನಿದ್ದಾಗ ಎಡಗೈಲಿ ಬರೀತಿದ್ದೆ. ಮೇಷ್ಟ್ರು ಗೆಣ್ಣಿಗೆ ಹೊಡೆದು ಹೊಡೆದು ಬಿಡಿಸಿದ್ರು. ಚೂರಿ, ಕತ್ತರಿ ಹಿಡಿಯೋದನ್ನ ಯಾರೂ ಬಿಡಿಸಲಿಲ್ಲ. ಯಾಕಕ್ಕಾ?"

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಶಾಲೆಗೆ ಬೇಕಾಗಿದ್ದದ್ದು ಬರವಣಿಗೆ ಮಾತ್ರ. ಅದೊಂದನ್ನು ತಿದ್ದಿ ಉಳಿದದ್ದನ್ನು ಬಿಟ್ಟುಬಿಟ್ಟಿತ್ತು.

"ಕಿವಿ ಯಾವ ಮೂಲೆ ಕತ್ತರಿಸಿದೆ?"

ಅವನ ಬಾಯಲ್ಲಿದ್ದ ಸೇಬು ಅಲ್ಲೇ ನಿಂತಿತು. ಕೇಳಿದ ಕಾರಣ ಅವನಿಗೆ ಹೊಳೆದದ್ದು ಮುಖದಲ್ಲೇ ಕಂಡಿತು.

"ಬಲಮೂಲೆ. ಹೇಳಿಕೊಟ್ಟ ಹಾಗೇ ಕತ್ತರಿಸಿದ್ದೀನಿ."

"ನೆನಪಿದೆಯಾ, ಇಲ್ಲಾ ಹೇಳಬೇಕಾದ್ದು ಅದು ಅಂತ ಹೇಳ್ತಿದ್ದೀಯಾ?"

"ಅಕ್ಕಾ, ಬಲಮೂಲೆ ಅಂದೆನಲ್ಲ!"

ಅವಳು ತಾನೇ ಗಾಳಿಯಲ್ಲಿ ಪೆಟ್ಟಿಗೆ ಹಿಡಿದಂತೆ ಕೈ ಮಾಡಿ ನೋಡಿದಳು. ಬಲಗೈಯವರಿಗೆ ಚೂರಿ ತಾನಾಗಿ ಬಲಮೂಲೆಗೆ ಹೋಗುತ್ತದೆ. ಎಡಮೂಲೆಗೆ ಹೋಗಬೇಕಾದರೆ ಮಣಿಕಟ್ಟು ಅಡ್ಡ ಬರುತ್ತದೆ. ಎಡಗೈಯವನಿಗೆ ಅದರ ತಿರುಗುಮುರುಗು. ಆ ಕೋಣೆಯಲ್ಲಿ ಇದುವರೆಗೆ ಕೆಲಸ ಮಾಡಿದವರೆಲ್ಲ ಬಲಗೈಯವರೇ ಆಗಿದ್ದರಿಂದ 'ಬಲಮೂಲೆ' ಎಂಬುದನ್ನು ಯಾರೂ ಒತ್ತಿ ಹೇಳಿರಲಿಲ್ಲ, ಕೈಯೇ ಹೇಳುತ್ತಿತ್ತು. ಅವನು ಎಡಮೂಲೆ ಕತ್ತರಿಸಿದ್ದರೆ ತೇಲಿದ ಹಾಳೆ ಸರಿಯಾಗಿಯೇ ಇತ್ತು. ಅದನ್ನು ಮಗುಚಿದವಳು ತಾನು.

ಬೆನ್ನಿನ ಹಾಳೆಗಳ ಚಿಂತೆಯಿಲ್ಲ. ಅವು ತಳದಿಂದ ನೇರವಾಗಿ ಬಟ್ಟೆಗೆ ಬಂದವು. ಕೈಯದೊಂದೇ.

"ಆಪರೇಷನ್ನಿನಲ್ಲಿ ಬೆನ್ನು ಮುಗಿಸಿ ಆಮೇಲೆ ಕೈ ಅಂದಿದ್ರು ಅಲ್ವಾ?" ಎಂದಳು.

ಫ್ರಿಜ್ಜಪ್ಪ ಅವಳ ತೋಳು ಹಿಡಿದ. "ಅಕ್ಕಾ, ಕೂತ್ಕೋ. ಒಂದು ನಿಮಿಷ ಕೇಳು. ಹತ್ತು ಹಾಳೆ ಹಾಕಿದರೆ ಎರಡು ಮೂರು ಹೇಗೂ ಹಿಡಿಯಲ್ಲ. ವಾರ್ಡಿನಲ್ಲಿ ಎಲ್ಲರಿಗೂ ಗೊತ್ತು. ಹಿಡಿಯಲಿಲ್ಲ ಅಂತಾರೆ, ಮತ್ತೆ ಬೆಳೆಸ್ತಾರೆ. ಈಗ ನೀನು ಹೋಗಿ ಹೇಳಿದರೆ ನಾನು ಮನೆಗೆ. ನನಗೆ ಇದು ಎರಡನೇ ಸಲ. ನೀನೂ ಉಳಿಯಲ್ಲ, ಮಗುಚಿದ್ದು ನೀನು."

ಅವನು ಹೇಳಿದ್ದು ಸುಳ್ಳಾಗಿರಲಿಲ್ಲ, ಅದೇ ಭಯಂಕರ. 'ಹಿಡಿಯಲಿಲ್ಲ' ಎಂಬ ಮಾತು ಆ ಆಸ್ಪತ್ರೆಯಲ್ಲಿ ದಿನಬಳಕೆಯದು. ಯಾರೂ ಏಕೆಂದು ಕೇಳುವುದಿಲ್ಲ. ಬಾಯಿಗೆ ಬೀಗ ಹಾಕಿಕೊಂಡರೆ ಸಾಕಿತ್ತು.

"ಮತ್ತೆ ಬೆಳೆಸೋದ್ರೊಳಗೆ ಬಿಡಿಸಿದ ಬೆರಳು ಏನಾಗುತ್ತೆ ಗೊತ್ತಾ? ಮತ್ತೆ ಅಂಟಿಕೊಳ್ಳುತ್ತೆ. ಮತ್ತೆ ಅದನ್ನ ಕೊಯ್ಯಬೇಕು" ಎಂದು ತೋಳು ಬಿಡಿಸಿಕೊಂಡಳು.

ಗೋಡೆಯ ಫೋನಿನಲ್ಲಿ ಆಪರೇಷನ್ ಕೋಣೆಗೆ ಕರೆ ಮಾಡಿದಳು. ಸಿಸ್ಟರ್ ಎತ್ತಿಕೊಂಡರು.

"ಬೆನ್ನು ಆಯ್ತಾ ಸಿಸ್ಟರ್?"

"ಆಯ್ತು. ಈಗ ಬೆರಳು ಬಿಡಿಸ್ತಿದ್ದಾರೆ. ಯಾಕೆ?"

"ಕೈ ಹಾಳೆ ಹಾಕಬೇಡಿ ಅನ್ನಿ. ನಾನು ಬರೋತನಕ ಡಬ್ಬಿ ತೆಗೀಬೇಡಿ."

"ಏನಮ್ಮಾ ಅದು, ಹಾಗೆಲ್ಲ..."

ಉಳಿದದ್ದನ್ನು ಕೇಳಿಸಿಕೊಳ್ಳಲು ಅವಳು ನಿಲ್ಲಲಿಲ್ಲ. ಲಿಫ್ಟಿನ ಮುಂದೆ ಮಂಚವೊಂದರ ಮೇಲೆ ರೋಗಿಯನ್ನಿಟ್ಟುಕೊಂಡು ಜನ ಕಾಯುತ್ತಿದ್ದರು, ಮೆಟ್ಟಿಲು ಹತ್ತಿದಳು. ಆಪರೇಷನ್ ವಿಭಾಗದ ಹೊರಗಿನ ಬೆಂಚಿನಲ್ಲಿ ಹುಡುಗಿಯ ತಂದೆತಾಯಿ ಕುಳಿತಿದ್ದರು. ಅವಳು ಏದುಸಿರು ಬಿಡುತ್ತ ಓಡಿ ಬಂದದ್ದನ್ನು ಕಂಡು ತಾಯಿ ಎದ್ದು ನಿಂತಳು.

"ಏನಾಯ್ತು?"

ಇಸ್ತ್ರಿಗೆ ಆ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ, ನಿಜ ಹೇಳಲು ಸಮಯವಿರಲಿಲ್ಲ. "ಹೇಳ್ತೀನಮ್ಮಾ, ಬಂದು ಹೇಳ್ತೀನಿ" ಎಂದು ಒಳಗೆ ಹೋದಳು. ಬಟ್ಟೆ ಬದಲಿಸುವಾಗ, ಕೈ ತೊಳೆಯುವಾಗ, ಆ ತಾಯಿ ಇನ್ನೂ ನಿಂತೇ ಇರಬೇಕೆಂದು ಅನ್ನಿಸುತ್ತಿತ್ತಂತೆ.

ಒಳಗೆ ದೀಪದ ಕೆಳಗೆ ಪುಟ್ಟ ಕೈಯೊಂದು ಹಸಿರು ಬಟ್ಟೆಯ ಮೇಲೆ ಚಾಚಿಕೊಂಡಿತ್ತು. ಐದು ಬೆರಳುಗಳೂ ಬಿಡಿಬಿಡಿಯಾಗಿದ್ದವು, ಕೆಂಪಗೆ, ಹೊದಿಕೆಯಿಲ್ಲದೆ. ಅಷ್ಟು ದಿನ ಮುಷ್ಟಿಯಾಗಿದ್ದದ್ದು ಇದೇ ಕೈ ಎಂದು ಅವಳಿಗೆ ನಂಬಲಾಗಲಿಲ್ಲ. ಸರ್ಜನ್ ತಲೆಯೆತ್ತದೆ ಕೇಳಿದರು.

"ಏನ್ರೀ ಇದು? ಮಗು ಅರಿವಳಿಕೆಯಲ್ಲಿದೆ. ಬೆರಳು ತೆರೆದಿಟ್ಟಿದ್ದೀನಿ. ನಿಮ್ಮ ಡಬ್ಬಿ ತೆಗೆಯೋ ಹಾಗಿಲ್ಲ ಅಂದ್ರೆ?"

ಅವಳು ಹೇಳಿದಳು. ಎಡಗೈ, ಚೂರಿ, ತೇಲಿದ ಹಾಳೆ. ಮೇಡಂ ಮುಖಗವಸಿನ ಮೇಲಿನಿಂದ ಅವಳನ್ನೇ ನೋಡುತ್ತಿದ್ದರು.

"ಅವರು ಎಡಮೂಲೆ ಕತ್ತರಿಸಿದ್ದನ್ನ ನೀವು ನೋಡಿದ್ರಾ?" ಎಂದು ಮೇಡಂ ಕೇಳಿದರು.

"ಇಲ್ಲ ಮೇಡಂ. ಬೆನ್ನು ತಿರುಗಿಸಿ ಕೂತಿದ್ದೆ."

"ಅವರು ಏನಂತಾರೆ?"

"ಬಲಮೂಲೆ ಅಂತಾನೆ."

"ಹಾಗಾದ್ರೆ ಹಾಳೆ ಸರಿಯಾಗೇ ಇರಬಹುದು. ಈಗ ತಿರುಗಿಸಿದರೆ ನಾವೇ ಕೆಡಿಸಿದ ಹಾಗೆ."

"ಹೌದು ಮೇಡಂ."

"ಇದೇನಮ್ಮಾ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ!" ಎಂದು ಸರ್ಜನ್ ಸಿಡುಕಿದರು. "ಹೌದೋ ಅಲ್ವೋ ಹೇಳಿ. ಇಲ್ಲದಿದ್ರೆ ತೊಡೆಯಿಂದ ಅವಳದೇ ಚರ್ಮ ತೆಗೆದು ಹಾಕ್ತೀನಿ. ಅದು ಮತ್ತೆ ಗುಳ್ಳೆ ಏಳೋ ಚರ್ಮ, ನನಗೂ ಗೊತ್ತು. ಆದರೆ ಹೀಗೆ ತೆರೆದಿಟ್ಟು ಕೂರೋಕಾಗಲ್ಲ."

ಸೂಕ್ಷ್ಮದರ್ಶಕದಲ್ಲಿ ನೋಡಬಹುದೇ ಎಂದು ಸಿಸ್ಟರ್ ಕೇಳಿದರು. ಮೇಡಂ ಇಲ್ಲವೆಂದು ತಲೆಯಾಡಿಸಿದರು. ಬಟ್ಟೆಯ ಮುಲಾಮು ಬೆಳಕನ್ನು ಬಿಡುವುದಿಲ್ಲ. ಬಣ್ಣ ಹಾಕಿ ನೋಡಬೇಕೆಂದರೆ ನಾಳೆಯಾಗುತ್ತದೆ. ನಂತರ ಥಟ್ಟನೆ ತಿರುಗಿದರು.

"ಹಾಳೆ ಬೆಳೆದ ಪೆಟ್ಟಿಗೆ ಎಲ್ಲಿ? ಚೂರಿ ತಗಲಿದ ಕಡೆ ಪ್ಲಾಸ್ಟಿಕ್ಕಿನ ತಳದಲ್ಲಿ ಗೀರು ಇರುತ್ತೆ."

ಕೆಲಸ ಮುಗಿದ ಪೆಟ್ಟಿಗೆಗಳನ್ನು ಕೆಂಪು ಚೀಲಕ್ಕೆ ಹಾಕುವವನು ಫ್ರಿಜ್ಜಪ್ಪ. ಚೀಲವನ್ನು ಬಾಯಿ ಕಟ್ಟಿ ಸುಡುವ ಯಂತ್ರದ ಕಡೆಗೆ ಕಳುಹಿಸುವವನೂ ಅವನೇ. ಅವನಿಗೆ ಬೇಕಾಗಿದ್ದರೆ ಅದು ಇಷ್ಟುಹೊತ್ತಿಗೆ ಹೊರಟುಹೋಗಿರುತ್ತದೆ. ಅವಳು ತಾನು ಮೇಲೆ ಓಡಿ ಬರುವ ಆತುರದಲ್ಲಿ ಸಾಕ್ಷಿಯನ್ನು ಅವನ ಕೈಯಲ್ಲೇ ಬಿಟ್ಟು ಬಂದಿದ್ದಳು.

"ಫೋನ್ ಮಾಡಿ" ಎಂದರು ಮೇಡಂ. ಸಿಸ್ಟರ್ ಮಾಡಿದರು. ಆ ಕಡೆ ಗಂಟೆ ಹೊಡೆಯಿತು, ಹೊಡೆಯುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಸರ್ಜನ್ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯನ್ನು ಬೆರಳುಗಳ ಮೇಲೆ ಹೊದಿಸಿ, ಕೈಗಳನ್ನು ಎದೆಯ ಮುಂದೆ ಎತ್ತಿ ಹಿಡಿದು ನಿಂತರು. ಅರಿವಳಿಕೆಯ ವೈದ್ಯರು ಪರದೆಯ ಕಡೆಗೆ ನೋಡಿ, "ಇನ್ನು ಹೆಚ್ಚು ಹೊತ್ತು ಬೇಡ" ಎಂದು ಮೆಲ್ಲನೆ ಹೇಳಿದರು.

"ತೊಡೆ ಸಿದ್ಧ ಮಾಡಿ" ಎಂದರು ಸರ್ಜನ್.

ಆಗ ಹೊರಬಾಗಿಲ ಗಾಜನ್ನು ಯಾರೋ ಬಡಿದರು. ಸಿಸ್ಟರ್ ಗದರಿಸಲು ಹೋದವರು ಅಲ್ಲೇ ನಿಂತರು. ಗಾಜಿನ ಆಚೆ ಫ್ರಿಜ್ಜಪ್ಪ. ಒಳಗೆ ಬರುವ ಉಡುಪು ಇರಲಿಲ್ಲ. ಬೆವರಿಗೆ ಕೂದಲು ಹಣೆಗೆ ಅಂಟಿತ್ತು. ಕೈಗವಸು ತೊಟ್ಟ ಎರಡೂ ಕೈಗಳಿಂದ ಒಂದು ಖಾಲಿ ಪೆಟ್ಟಿಗೆಯನ್ನು, ಉದ್ದನೆಯ ಬದಿ ತನ್ನ ಹೊಟ್ಟೆಗೆ ಬರುವಂತೆ ಮಟ್ಟವಾಗಿ ಹಿಡಿದಿದ್ದ. ಕೆಂಪು ಚೀಲ ಆಗಲೇ ಗಾಡಿ ಹತ್ತಿತ್ತಂತೆ. ಗಾಡಿಯವನೊಡನೆ ಜಗಳವಾಡಿ, ಬಾಯಿ ಬಿಚ್ಚಿಸಿ ಹುಡುಕಿ ತಂದಿದ್ದ. ಗಾಜಿನ ಮೂಲಕ ಅವನ ಮಾತು ಕೇಳಿಸದು. ಇಸ್ತ್ರಿ ಬಾಗಿಲ ಬಳಿಗೆ ಹೋದಳು. ಅವನು ಬೆರಳಿನಿಂದ ತೋರಿಸಿದ. ತಳದ ಎಡ ಮೇಲ್ಮೂಲೆಯಲ್ಲಿ, ಬೆಳಕಿಗೆ ಹಿಡಿದಾಗ, ಕೂದಲೆಳೆಯಂತಹ ಒಂದು ಓರೆ ಗೀರು. ಬಲಮೂಲೆ ನುಣ್ಣಗಿತ್ತು.

ಮೇಡಂ ಬಂದು ನೋಡಿದರು. ಪೆಟ್ಟಿಗೆಯ ಮೇಲಿನ ಚೀಟಿಯನ್ನು ಡಬ್ಬಿಯ ಚೀಟಿಗೆ ಹೋಲಿಸಿದರು. ಹೌದೆಂಬಂತೆ ಒಂದು ಸಲ ತಲೆಯಾಡಿಸಿದರು.

"ಮಗುಚಿದೆ. ತಿರುಗಿಸಿ."

ತಿರುಗಿಸುವುದೆಂದರೆ ಹೇಳಿದಷ್ಟು ಸುಲಭವಲ್ಲ. ಅದು ಬೆಳಿಗ್ಗೆಯೇ ಒಮ್ಮೆ ಬಟ್ಟೆಗೆ ಏರಿದ ಹಾಳೆ. ಈಗ ಕ್ಲಿಪ್ಪು ಬಿಚ್ಚಿ, ದ್ರವದಲ್ಲಿ ತೇಲಿಸಿ, ಮುಲಾಮಿನ ಹಿಡಿತ ಬಿಡಿಸಿ, ಮಗುಚಿ, ಹೊಸ ಬಟ್ಟೆಗೆ ಏರಿಸಬೇಕು. ಯಾರೂ ಅದನ್ನು ಅದುವರೆಗೆ ಮಾಡಿರಲಿಲ್ಲ. ಮೂಲೆಯ ಮೇಜಿನ ಮೇಲೆ ಸಿಸ್ಟರ್ ತಟ್ಟೆ ಇಟ್ಟರು, ಮೇಡಂ ಬೆಚ್ಚಗಿನ ದ್ರವ ಸುರಿದರು. ಇಸ್ತ್ರಿ ಉಸಿರು ಹಿಡಿದೇ ಮೊದಲ ಕ್ಲಿಪ್ಪಿನ ಮೇಲೆ ಬಗ್ಗಿದಳು.

"ಉಸಿರು ಬಿಡಿ" ಎಂದರು ಮೇಡಂ.

"ಬಿಟ್ಟರೆ ಹಾಳೆ ಹಾರಿಹೋಗುತ್ತೆ ಮೇಡಂ."

"ನೀವು ಬಿದ್ದರೆ ಎರಡೂ ಹೋಗುತ್ತೆ. ಬಿಡಿ."

ಮೊದಲ ಕ್ಲಿಪ್ಪು ಬಂತು. ಎರಡನೆಯದು, ಮೂರನೆಯದು. ಬಟ್ಟೆಯನ್ನು ಅಂಚಿನಿಂದ ಅಂಚಿಗೆ ಓರೆಯಾಗಿ ಎಳೆದಳು, ಹಾಳೆಯನ್ನು ನೀರೇ ಹಿಡಿದುಕೊಳ್ಳುವಂತೆ. ಅರ್ಧ ಬಂತು. ಮುಕ್ಕಾಲು ಬಂತು. ಕೊನೆಯ ಅಂಚಿನಲ್ಲಿ ಮುಲಾಮು ದಪ್ಪವಾಗಿತ್ತು. ಹಾಳೆ ಅಲ್ಲಿ ಬಿಡಲಿಲ್ಲ. ಇಸ್ತ್ರಿ ಕಾದಳು. ಮತ್ತೆ ಎಳೆದಳು. ಸದ್ದಿಲ್ಲದೆ ಒಂದು ಸೀಳು ಹುಟ್ಟಿ, ಅಂಚಿನುದ್ದಕ್ಕೂ ಓಡಿ, ಹಾಳೆಯ ಒಂದು ಪಟ್ಟಿ ಚಿಂದಿಯಾಗಿ ಬಟ್ಟೆಯಲ್ಲೇ ಉಳಿಯಿತು.

ಅವಳು ಉಳಿದದ್ದನ್ನು ಮಗುಚಿದಳು, ಹರಡಿದಳು, ಬಟ್ಟೆ ಹಾಸಿದಳು, ಎತ್ತಿದಳು. ಸರ್ಜನ್ ಅದನ್ನು ಬೆಳಕಿಗೆ ಹಿಡಿದು ಅಳೆದು ನೋಡಿದರು.

"ನಾಲ್ಕು ಬೆರಳಿಗೆ ಬರುತ್ತೆ. ಕಿರುಬೆರಳಿಗೆ ಇಲ್ಲ" ಎಂದರು. ದನಿಯಲ್ಲಿ ಸಿಡುಕಿರಲಿಲ್ಲ. "ಕೊಡಿ."

ಕಿರುಬೆರಳಿಗೆ ತೊಡೆಯ ಚರ್ಮ ಹಾಕಿದರು.

ಇಸ್ತ್ರಿ ಹೊರಗೆ ಬಂದಾಗ ಆ ತಾಯಿ ನಿಜವಾಗಿಯೂ ನಿಂತೇ ಇದ್ದಳು. ಮೇಡಂ ಜೊತೆಗಿದ್ದರು, ಅವರೇ ಹೇಳಬಹುದಿತ್ತು. ಆದರೆ ಮಾತು ಕೊಟ್ಟವಳು ಇಸ್ತ್ರಿ. ಬೆಳಗಿನಿಂದ ನಡೆದದ್ದನ್ನೆಲ್ಲ ಹೇಳಿದಳು. ಹುಡುಗಿಯ ತಂದೆ ಪೂರ್ತಿ ಕೇಳಿಸಿಕೊಂಡು ಕೇಳಿದ:

"ಅವರು ಯಾರೋ ಸೇಬು ಕುಯ್ಯದೇ ಇದ್ದಿದ್ರೆ ಐದೂ ಹೋಗ್ತಿತ್ತು. ಆಗ ಯಾರೂ ನಮಗೇನೂ ಹೇಳ್ತಿರಲಿಲ್ಲ. ಅಲ್ವಾ?"

ಮೇಡಂ "ಹೌದು" ಎಂದರು.

"ಕತ್ತರಿಸಿದವರು ಯಾರು?" ಎಂದಳು ತಾಯಿ.

ಫ್ರಿಜ್ಜಪ್ಪ ಗೋಡೆಗೊರಗಿ ನಿಂತಿದ್ದ. ಇನ್ನೂ ಆ ಪೆಟ್ಟಿಗೆ ಅವನ ಕೈಯಲ್ಲೇ ಇತ್ತು. "ನಾನಮ್ಮಾ" ಎಂದ.

ಅವಳು ಅವನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು ಎಂದು ಅವನು ಈಗಲೂ ಹೇಳುತ್ತಾನೆ. "ಇನ್ನೊಂದು ಸಲ ಬೆಳೆಸ್ತೀರಲ್ಲ," ಎಂದಳು, "ಆಗ ಯಾರು ಕತ್ತರಿಸಿದ್ರೂ ಸರಿ, ಕತ್ತರಿಸಿದವರೇ ನಮ್ಮ ಹತ್ತಿರ ಬಂದು ಹೇಳಬೇಕು. ದೊಡ್ಡೋರು ಬಂದು ಹೇಳೋದು ಬೇಡ."

ವಿಚಾರಣೆಯಾಯಿತು. ಇಬ್ಬರಿಗೂ ಲಿಖಿತ ಎಚ್ಚರಿಕೆ ಬಂತು. ಫ್ರಿಜ್ಜಪ್ಪನನ್ನು ತೆಗೆದುಹಾಕಬೇಕೆಂದವರೂ ಇದ್ದರು. ಕೆಂಪು ಚೀಲದಿಂದ ಪೆಟ್ಟಿಗೆ ತಂದವನು ಅವನೇ ಎಂದು ಮೇಡಂ ಹಟ ಹಿಡಿದರು. ಅವನನ್ನು ಕೆಲವು ತಿಂಗಳು ಶುದ್ಧ ಕೋಣೆಯ ಹೊಸ್ತಿಲು ತುಳಿಯಲು ಬಿಡಲಿಲ್ಲ. ಕತ್ತರಿಸಿದ ಮೂಲೆಯನ್ನು ಇನ್ನೊಬ್ಬರು ನೋಡಿ ಹೇಳಿದ ಮೇಲೆಯೇ ದ್ರವ ಹಾಕಬೇಕೆಂದು ನಿಯಮವಾಯಿತು.

ಮೊದಲ ಪಟ್ಟಿ ಬಿಚ್ಚುವ ದಿನ ಇಸ್ತ್ರಿ ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು. ಸರ್ಜನ್ ಒಂದೊಂದೇ ಬೆರಳನ್ನು ನೋಡಿದರು. ಹಾಳೆ ಹಿಡಿದಿತ್ತು. ಹೊಸ ಚರ್ಮ ನಸುಗೆಂಪಾಗಿ, ಹೊಳೆಯುತ್ತ, ಗಟ್ಟಿಯಾಗಿ ಕುಳಿತಿತ್ತು. ಕಿರುಬೆರಳಿನಲ್ಲಿ ಆಗಲೇ ಒಂದು ಸಣ್ಣ ಗುಳ್ಳೆ. ಹುಡುಗಿ ಹೆಬ್ಬೆರಳನ್ನು ಅಲ್ಲಾಡಿಸಿ, ನಿಂತು, ಮತ್ತೆ ಅಲ್ಲಾಡಿಸಿತು. ಕೆಳಗೆ ಮೆಟ್ಟಿಲ ಬಳಿ ಕಾಯುತ್ತಿದ್ದ ಫ್ರಿಜ್ಜಪ್ಪನಿಗೆ ಇಸ್ತ್ರಿ "ನಾಲ್ಕು" ಎಂದಷ್ಟೇ ಹೇಳಿದಳು. ಅವನು ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟ.

ಕಿರುಬೆರಳಿನ ಹಾಳೆ ಬೆಳೆದು ಸಿದ್ಧವಾದದ್ದು ಈಚೆಗೆ. ಅಂದು ಬೆಳಿಗ್ಗೆ ಅದರ ಕಿವಿ ಯಾರು ಕತ್ತರಿಸಬೇಕೆಂಬ ಮಾತು ಬಂದಾಗ ಮೇಡಂ ಫ್ರಿಜ್ಜಪ್ಪನ ಮುಖ ನೋಡಿದರು. ಅವನು ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು, ಚೂರಿ ಹಿಡಿದ ಎಡಗೈಯನ್ನು ಅಡ್ಡಲಾಗಿ ಬಲಕ್ಕೆ ತಂದು, ಮಣಿಕಟ್ಟು ತಿರುಚಿ, ಕಷ್ಟಪಟ್ಟು ಕತ್ತರಿಸಿದ. ಇಸ್ತ್ರಿ ಎದ್ದು ಬಂದು ಭುಜದ ಮೇಲಿನಿಂದ ನೋಡಿದಳು. "ಬಲ" ಎಂದಳು. ಹಾಳೆ ಸರಿಯಾಗಿ ಎದ್ದಿತು, ಮೇಲಕ್ಕೆ ಹೋಯಿತು.

ಆಮೇಲೆ ಅವನು ಉಡುಪು ಕಳಚಿ, ಕೈ ತೊಳೆದು, ಆಪರೇಷನ್ ವಿಭಾಗದ ಹೊರಗಿನ ಬೆಂಚಿನ ಬಳಿಗೆ ಹೋದ. ತಾಯಿಯೊಬ್ಬಳೇ ಕುಳಿತಿದ್ದಳು. ತಂದೆ ಯಾರದೋ ಮನೆಯ ಬಾಗಿಲು ತೆರೆಯಲು ಹೋಗಿದ್ದ.

"ಕತ್ತರಿಸಿದ್ದು ನಾನಮ್ಮಾ. ಬಲಮೂಲೆ. ಇಸ್ತ್ರಿಯಕ್ಕ ನೋಡಿದಾರೆ."

ಅವಳು ತಲೆಯಾಡಿಸಿ, ಪಕ್ಕದಲ್ಲಿದ್ದ ಚೀಲವನ್ನು ತೆಗೆದು ಕೆಳಗಿಟ್ಟಳು.

"ಕೂತ್ಕೊಳ್ಳಿ. ಒಳಗಿಂದ ಇನ್ನೂ ಯಾರೂ ಬಂದಿಲ್ಲ."

ಅವನು ಕುಳಿತ. ಇಬ್ಬರೂ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.